ಅಲ್-ಖ್ವಾರಿಝ್ಮಿಯ ಲೆಕ್ಕ ಮತ್ತು ಹೆಣ್ಣುಮಕ್ಕಳ ಪಾಲು

ಕಂಪ್ಯೂಟರ್ ಯುಗದಲ್ಲಿ ಎಲ್ಲರ ಬಾಯಲ್ಲೂ ಕೇಳಿಬರುವ 'ಅಲ್ಗಾರಿದಮ್' ಎಂಬ ಪದವು ಓರ್ವ ಮುಸ್ಲಿಮ್ ವಿದ್ವಾಂಸರ ಹೆಸರಿನಿಂದ ಬಂದುದು. ನಮ್ಮ ಸಭೆಗಳಲ್ಲಿ ಇದನ್ನು ಅಭಿಮಾನದಿಂದ ಹೇಳಲಾಗುತ್ತದೆ. ಆದರೆ ಅವರು ಎಂತಹ ಲೆಕ್ಕಗಳನ್ನು ಬಿಡಿಸುತ್ತಿದ್ದರು ಎಂಬುದನ್ನು ಹೇಳುವವರು ವಿರಳ.

ಮುಹಮ್ಮದ್ ಇಬ್ನ್ ಮೂಸಾ ಅಲ್-ಖ್ವಾರಿಝ್ಮಿ 9ನೇ ಶತಮಾನದ ಆರಂಭದಲ್ಲಿ, ಖಲೀಫಾ ಮಅ್‌ಮೂನರ ಕಾಲದಲ್ಲಿ, ಬಗ್ದಾದಿನಲ್ಲಿದ್ದವರು. ಭಾರತೀಯ ಅಂಕಿಗಳ ಕುರಿತ ಅವರ ಗ್ರಂಥವು 12ನೇ ಶತಮಾನದಲ್ಲಿ ಲ್ಯಾಟಿನ್ ಭಾಷೆಗೆ ಅನುವಾದಗೊಂಡಿತು. ಕ್ರಮೇಣ, ಹಂತ ಹಂತವಾಗಿ ಲೆಕ್ಕ ಬಿಡಿಸುವ ವಿಧಾನಕ್ಕೇ ಅವರ ಹೆಸರು ನಿಂತಿತು. ಇಂದಿನ ಕಂಪ್ಯೂಟರ್‌ಗಳು ನಡೆಯುವುದು ಅಂತಹ ವಿಧಾನಗಳಿಂದಲೇ.

ಬೀಜಗಣಿತದ ಕುರಿತ ಅವರ ಗ್ರಂಥದ ಸರಿಸುಮಾರು ಅರ್ಧಭಾಗವು ವಸಿಯ್ಯತ್ ಮತ್ತು ವಾರೀಸು ಹಕ್ಕಿನ ಲೆಕ್ಕಗಳಿಗೆ ಮೀಸಲು. ಅಲ್ಲಿನ ಒಂದು ಲೆಕ್ಕ ಹೀಗಿದೆ: ಓರ್ವ ಮಹಿಳೆ ಪತಿ, ಒಬ್ಬ ಪುತ್ರ ಮತ್ತು ಮೂವರು ಪುತ್ರಿಯರನ್ನು ಬಿಟ್ಟು ನಿಧನಳಾಗುತ್ತಾಳೆ. ಆಸ್ತಿಯ ಎಂಟನೇ ಒಂದು ಮತ್ತು ಏಳನೇ ಒಂದು ಭಾಗವನ್ನು ಅನ್ಯ ವ್ಯಕ್ತಿಯೊಬ್ಬನಿಗೆ ವಸಿಯ್ಯತ್ ಮಾಡಿರುತ್ತಾಳೆ. ಒಟ್ಟು ಆಸ್ತಿಯನ್ನು 1,120 ಭಾಗ ಮಾಡಿದರೆ ವಸಿಯ್ಯತ್‌ಗೆ 300, ಪತಿಗೆ 205, ಪುತ್ರನಿಗೆ 246, ಪುತ್ರಿಯರಿಗೆ ತಲಾ 123. ಯಾರ ಪಾಲೂ ಒಂದಿಷ್ಟೂ ಕಡಿಮೆಯಾಗುವುದಿಲ್ಲ. ಸೂರಃ ಅನ್ನಿಸಾದಲ್ಲಿ ಅಲ್ಲಾಹನು ನಿಗದಿಪಡಿಸಿದ ಪಾಲುಗಳನ್ನು ಹಕ್ಕುದಾರರಿಗೆ ತಲುಪಿಸಲು ಇಷ್ಟೊಂದು ಸೂಕ್ಷ್ಮ ಗಣಿತ ಬೇಕಾಗಿತ್ತು.

ಇಂದು ಆ ಶ್ರಮವಿಲ್ಲ. ವಾರೀಸುದಾರರ ವಿವರ ಕೊಟ್ಟರೆ ಮೊಬೈಲ್ ಆ್ಯಪ್ ಕ್ಷಣಾರ್ಧದಲ್ಲಿ ಉತ್ತರ ನೀಡುತ್ತದೆ. ಆದರೆ ನಮ್ಮ ಎಷ್ಟೋ ಮನೆಗಳಲ್ಲಿ ಆ ಲೆಕ್ಕ ಮಾಡುವುದೇ ಇಲ್ಲ. ತಂದೆ ತೀರಿಕೊಂಡ ಬಳಿಕ ಸಹೋದರಿಯರ ಮುಂದೆ ಬರುವುದು ಹಕ್ಕುಬಿಡುಗಡೆ ಪತ್ರ. ಮದುವೆಗೆ ಖರ್ಚು ಮಾಡಿದ್ದೇವಲ್ಲ ಎಂಬ ಸಮರ್ಥನೆ ಬೇರೆ! ಮದುವೆಯ ಖರ್ಚಿನಿಂದ ವಾರೀಸು ಹಕ್ಕು ರದ್ದಾಗುತ್ತದೆಂದು ಶರೀಅತ್‌ನಲ್ಲಿ ಎಲ್ಲಿದೆ? ತವರಿನ ಬಾಗಿಲು ಮುಚ್ಚೀತೆಂಬ ಭಯದಿಂದ ಹಾಕಿದ ಸಹಿಯನ್ನು ಮನಃಪೂರ್ವಕ ಸಮ್ಮತಿ ಎನ್ನಲಾದೀತೇ?

ನನ್ನ ಉಮ್ಮನೂ ಅಂತಹ ಪತ್ರಕ್ಕೆ ಸಹಿ ಹಾಕಿದವರು. ಅಜ್ಜ ಬಿಟ್ಟುಹೋದದ್ದು ಅಜ್ಜಿ, ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳನ್ನು. ಅಜ್ಜಿಗೆ 48ರಲ್ಲಿ 6, ಮಾವಂದಿರಿಗೆ ತಲಾ 14, ಉಮ್ಮನಿಗೆ 7. ಮೊಬೈಲಿನಲ್ಲಿ ಇದನ್ನು ತೋರಿಸಿದಾಗ ಉಮ್ಮ ತಮ್ಮ ಪಾಲಿನ ಬಗ್ಗೆ ಏನೂ ಹೇಳಲಿಲ್ಲ. "ತಂಗಿಗೆ ಎಷ್ಟು ಬರುತ್ತಿತ್ತು?" ಎಂದಷ್ಟೇ ಕೇಳಿದರು. ಆಕೆಗೂ 7. ವಿಧವೆಯಾದ ಚಿಕ್ಕಮ್ಮ ಇಂದಿಗೂ ಬಾಡಿಗೆ ಮನೆಯಲ್ಲಿ ಬಟ್ಟೆ ಹೊಲಿದು ಬದುಕು ಸಾಗಿಸುತ್ತಿದ್ದಾರೆ. ಬರುವ ಜುಮಾ ನಮಾಝಿನ ಬಳಿಕ ಮಾವಂದಿರೊಂದಿಗೆ ಈ ಕುರಿತು ಮಾತನಾಡಲಿದ್ದೇನೆ, ಇನ್‌ಶಾ ಅಲ್ಲಾಹ್.