ಹಾಡೇ ಮನೆಯಾಯಿತು

ಅನ್ನ, ಅರಿವೆ, ಆಸರೆ ಈ ಮೂರೂ ಮನುಷ್ಯನಿಗೆ ಬೇಕೆಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಇವುಗಳ ಜೊತೆಗೆ ಇನ್ನೊಂದು ಬೇಕು. ಅದು, ತಾನು ಈ ಲೋಕಕ್ಕೆ ಸೇರಿದವನು, ತನ್ನಿಂದ ಇಲ್ಲೊಂದು ಕೆಲಸ ಆಗಬೇಕಾಗಿದೆ ಎಂಬ ನಂಬಿಕೆ. ಮನೆಯಿಂದ ಹೊರದೂಡಲ್ಪಟ್ಟವರು ಸೂರಿನ ಜೊತೆಗೆ ಹಲವು ವೇಳೆ ಈ ನಂಬಿಕೆಯನ್ನೂ ಕಳೆದುಕೊಳ್ಳುತ್ತಾರೆ. ಆಗ ಮನಸ್ಸು ಕುಸಿಯುತ್ತದೆ. ಕುಸಿದ ಮನಸ್ಸಿಗೆ ಕಾವ್ಯವು ಹೇಗೆ ಊರುಗೋಲಾಗಬಲ್ಲದೆಂಬುದನ್ನು ನಮ್ಮ ನಾಡಿನ ಒಂದು ಹಾಡಿನ ಪರಂಪರೆ ತೋರಿಸಿಕೊಟ್ಟಿದೆ. ಅದನ್ನು ಅರಿಯಲು ಮೊದಲು ಸವದತ್ತಿಯ ಗುಡ್ಡವನ್ನು ಏರಬೇಕು.

ಬೆಳಗಾವಿ ಜಿಲ್ಲೆಯ ಸವದತ್ತಿಯ ಬಳಿ ಎಲ್ಲಮ್ಮನ ಗುಡ್ಡವಿದೆ. ಮಲಪ್ರಭೆಗೆ ಅಣೆಕಟ್ಟು ಕಟ್ಟಿ ನಿರ್ಮಿಸಿದ ಜಲಾಶಯಕ್ಕೆ ಈ ದೇವಿಯ ಹೆಸರಿನಿಂದಲೇ ರೇಣುಕಾಸಾಗರವೆಂದು ಹೆಸರಾಗಿದೆ. ಬನದ ಹುಣ್ಣಿಮೆ, ಭರತ ಹುಣ್ಣಿಮೆಗಳು ಬಂತೆಂದರೆ ಬೈಲಹೊಂಗಲ, ಕಿತ್ತೂರು, ರಾಮದುರ್ಗಗಳ ಕಡೆಯಿಂದಲೂ ದೂರದೂರದ ಸೀಮೆಗಳಿಂದಲೂ ಜನ ಈ ಗುಡ್ಡಕ್ಕೆ ಬರುತ್ತಾರೆ. ಶೃಂಗರಿಸಿದ ಎತ್ತುಗಳ ಚಕ್ಕಡಿಗಳು, ಗಾಳಿಯಲ್ಲಿ ಹಾರುವ ಭಂಡಾರ, ‘ಉಧೋ ಉಧೋ’ ಎಂಬ ಘೋಷ, ಇವೆಲ್ಲವುಗಳ ನಡುವೆ ಒಂದು ತಂತಿಯ ನಾದ ಕೇಳಿಬರುತ್ತದೆ. ಅದು ಚೌಡಿಕೆಯ ನಾದ. ಕೊಳಗದಂತಹ ಪೊಳ್ಳು ದೇಹ, ಅದರ ಒಂದು ಬಾಯಿಗೆ ಬಿಗಿದ ಚರ್ಮ, ಚರ್ಮದ ನಡುವಿನಿಂದ ಎಳೆದು ಕಟ್ಟಿದ ಒಂದೇ ಒಂದು ತಂತಿ, ಇಷ್ಟೇ ಆ ವಾದ್ಯ. ಆ ಒಂದು ತಂತಿಯ ಆಧಾರದ ಮೇಲೆ ಇಡೀ ರಾತ್ರಿ ನಡೆಯುವಷ್ಟು ದೀರ್ಘವಾದ ಕಥನಕಾವ್ಯವನ್ನು ಹಾಡುಗಾರರು ಕಟ್ಟುತ್ತಾರೆ.

ಆ ಕಾವ್ಯದ ವಸ್ತು ರೇಣುಕೆಯ ಬಾಳು. ಜಮದಗ್ನಿ ಋಷಿಯ ಮಡದಿಯಾದ ಅವಳು ದಿನವೂ ಮರಳಿನಿಂದ ಕೊಡ ಮಾಡಿ, ಹಾವನ್ನು ಸಿಂಬಿಯಾಗಿ ಸುತ್ತಿ, ಹೊಳೆಯ ನೀರನ್ನು ತರುತ್ತಿದ್ದಳಂತೆ. ಒಂದು ದಿನ ಅವಳ ಚಿತ್ತ ಕ್ಷಣಮಾತ್ರ ಚಲಿಸಿತು. ಮರಳ ಕೊಡ ನಿಲ್ಲಲಿಲ್ಲ. ಕೋಪಗೊಂಡ ಪತಿ ಶಪಿಸಿ ಅವಳನ್ನು ಮನೆಯಿಂದ ಹೊರಗಟ್ಟಿದನು. ಮೈತುಂಬ ರೋಗ ಹತ್ತಿತು. ಗುರುತಿದ್ದವರೂ ಮುಖ ತಿರುಗಿಸಿದರು. ಕಾಡುಮೇಡು ಅಲೆದ ಅವಳನ್ನು ಎಕ್ಕಯ್ಯ, ಜೋಗಯ್ಯರೆಂಬ ಸಾಧುಗಳು ಕನಿಕರಿಸಿದರು. ಜೋಗುಳಬಾವಿಯ ನೀರಿನಲ್ಲಿ ಮಿಂದು ಅವಳು ಗುಣಹೊಂದಿದಳೆಂದು ಜನ ನಂಬುತ್ತಾರೆ. ಕಥೆ ಮುಂದೆಯೂ ಬೆಳೆಯುತ್ತದೆ. ಆದರೆ ಕೇಳುಗರ ಕಣ್ಣು ತುಂಬಿಬರುವುದು ಈ ಅಲೆದಾಟದ ಭಾಗದಲ್ಲಿಯೇ. ಮನೆಯಿಲ್ಲದ ಹೆಣ್ಣೊಬ್ಬಳು ಸಾವಿರಾರು ಮನೆಗಳ ತಾಯಿಯಾದುದೇ ಈ ಕಾವ್ಯದ ತಿರುಳು.

ಈ ಕಥೆಯನ್ನು ತಲೆಮಾರಿನಿಂದ ತಲೆಮಾರಿಗೆ ಹಾಡುತ್ತ ಬಂದವರಲ್ಲಿ ಜೋಗತಿಯರೂ ಜೋಗಪ್ಪಗಳೂ ಮುಖ್ಯರು. ಗಂಡಾಗಿ ಹುಟ್ಟಿ, ಒಳಗಿನಿಂದ ಹೆಣ್ಣೆಂದು ತಮ್ಮನ್ನು ಅರಿತುಕೊಂಡವರು ಜೋಗಪ್ಪಗಳು. ಇಂತಹವರಲ್ಲಿ ಒಬ್ಬರು ಮಂಜಮ್ಮ ಜೋಗತಿ.

ಬಳ್ಳಾರಿ ಜಿಲ್ಲೆಯ ಕಲ್ಲುಕಂಬ ಮಂಜಮ್ಮನವರ ಹುಟ್ಟೂರು. ತಂದೆ ತಾಯಿ ಇಟ್ಟ ಹೆಸರು ಮಂಜುನಾಥ ಶೆಟ್ಟಿ. ಬಾಲ್ಯದಲ್ಲಿಯೇ ಆ ಮಗುವಿನ ನಡೆ, ನುಡಿ, ಒಲವುಗಳು ಹೆಣ್ಣುಮಕ್ಕಳಂತಿದ್ದವು. ಮನೆಯವರಿಗೆ ಇದು ಅರ್ಥವಾಗಲಿಲ್ಲ; ಹೊಡೆತ, ಹರಕೆಗಳಿಂದ ಸರಿಹೋದೀತೆಂದು ಭಾವಿಸಿದರು. ಕಡೆಗೆ ಹುಲಿಗಿಯ ಹುಲಿಗೆಮ್ಮನ ಸನ್ನಿಧಿಯಲ್ಲಿ ಉಡಿದಾರ ಹರಿದು, ಸೀರೆ ಬಳೆ ತೊಡಿಸಿ, ಜೋಗತಿಯ ದೀಕ್ಷೆ ಕೊಡಿಸಿದರು. ಮಗನನ್ನು ಕಳೆದುಕೊಂಡೆನೆಂದು ತಾಯಿ ಅತ್ತರು. ಹೊಸ ಹೆಸರು ಬಂದಿತು. ಹಳೆಯ ಮನೆ ಕೈತಪ್ಪಿತು.

ಅನಂತರದ ದಿನಗಳು ಕಠೋರವಾಗಿದ್ದವು. ಬದುಕುವ ಆಸೆಯನ್ನೇ ತೊರೆದು ಮಂಜಮ್ಮ ಒಮ್ಮೆ ಪ್ರಾಣ ಕಳೆದುಕೊಳ್ಳಲು ಯತ್ನಿಸಿದರು, ಜೀವ ಉಳಿಯಿತು. ಮನೆ ಬಿಟ್ಟು ಬೀದಿಯಲ್ಲಿ ಭಿಕ್ಷೆ ಬೇಡಿದರು. ದುಷ್ಟರು ಇದ್ದಷ್ಟು ಹಣವನ್ನು ಕಸಿದುಕೊಂಡು ಹಿಂಸಿಸಿದರು. ಮನಸ್ಸು ಮತ್ತೆ ಸಾವಿನ ಕಡೆಗೇ ವಾಲಿತು.

ಅಂತಹ ಹೊತ್ತಿನಲ್ಲಿ ದಾವಣಗೆರೆಯ ಬಸ್ ನಿಲ್ದಾಣದಲ್ಲಿ ಒಂದು ನೋಟ ಕಣ್ಣಿಗೆ ಬಿತ್ತು. ತಂದೆಯೊಬ್ಬ ಹಾಡುತ್ತಿದ್ದ, ಮಗ ತಲೆಯ ಮೇಲೆ ಕೊಡ ಹೊತ್ತು ಕುಣಿಯುತ್ತಿದ್ದ. ಅದು ಜೋಗತಿ ನೃತ್ಯ. ಮಂಜಮ್ಮ ಅವರಲ್ಲಿಯೇ ಆ ವಿದ್ಯೆಯನ್ನು ಕಲಿಯತೊಡಗಿದರು. ಮುಂದೆ ಹಗರಿಬೊಮ್ಮನಹಳ್ಳಿಯ ಹಿರಿಯ ಕಲಾವಿದೆ ಕಾಳವ್ವ ಜೋಗತಿಯವರ ಆಶ್ರಯ ದೊರೆಯಿತು. ಕಾಳವ್ವನವರ ತಂಡದೊಡನೆ ಮಂಜಮ್ಮ ಊರೂರು ತಿರುಗಿ ಹಾಡಿದರು, ಕುಣಿದರು, ಎಲ್ಲಮ್ಮನ ಆಟದಲ್ಲಿ ಪಾತ್ರ ಧರಿಸಿದರು. ಕಾಳವ್ವನವರ ನಿಧನಾನಂತರ ತಂಡದ ಹೊಣೆಯನ್ನು ತಾವೇ ಹೊತ್ತರು.

ಹಾಡು ಇಲ್ಲಿ ಮಾಡಿದ ಉಪಕಾರವಾದರೂ ಏನು? ಬೇಡುವವರ ಮುಖವನ್ನು ಜನ ನೋಡುವುದಿಲ್ಲ. ಹಾಡುವವರಿಗಾಗಿ ಜನ ಕಾದು ಕೂಡುತ್ತಾರೆ. ಕಲೆ ಕೈಗೂಡಿದ ಮೇಲೆ ಮಂಜಮ್ಮನವರು ಹೋದ ಊರಿನಲ್ಲೆಲ್ಲ ಜನ ಅವರಿಗಾಗಿ ಕಾದು ಕುಳಿತರು. ಎರಡನೆಯದಾಗಿ, ಈ ಕಲೆ ಪೂರ್ಣ ಏಕಾಗ್ರತೆಯನ್ನು ಬೇಡುತ್ತದೆ. ತಲೆಯ ಮೇಲಿನ ಕೊಡವನ್ನು ಕೈಯಿಂದ ಮುಟ್ಟದೆ ಕುಣಿಯಬೇಕು. ಉದ್ದನೆಯ ಪದವನ್ನು ನೆನಪಿನಿಂದಲೇ ಹಾಡಬೇಕು. ಅಲೆದಾಡುತ್ತಿದ್ದ ಮನಸ್ಸಿಗೆ ನಿಲ್ಲಲು ಒಂದು ನೆಲೆ ಸಿಕ್ಕಿತು. ಎಲ್ಲಕ್ಕಿಂತ ಮಿಗಿಲಾಗಿ, ಹೊರದೂಡಲ್ಪಟ್ಟ ರೇಣುಕೆಯ ದುಃಖವನ್ನು ಹಾಡುವಾಗ ಹಾಡುವವರ ಸ್ವಂತ ದುಃಖಕ್ಕೂ ಮಾತು ದೊರೆಯುತ್ತದೆ. ಒಬ್ಬರೇ ನುಂಗಿಕೊಂಡ ನೋವು ವಿಷವಾಗುತ್ತದೆ. ನೂರು ಜನರೆದುರು ಹಾಡಾಗಿ ಹರಿದಾಗ ಅದು ಹಗುರಾಗುತ್ತದೆ.

ನಾಡು ಈ ಸಾಧನೆಯನ್ನು ಗುರುತಿಸಿತು. 2010ರಲ್ಲಿ ಮಂಜಮ್ಮನವರಿಗೆ ರಾಜ್ಯೋತ್ಸವ ಪ್ರಶಸ್ತಿ ದೊರೆಯಿತು. 2019ರಲ್ಲಿ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ಲಿಂಗತ್ವ ಅಲ್ಪಸಂಖ್ಯಾತರೊಬ್ಬರು ಆ ಪೀಠವನ್ನೇರಿದುದು ಅದೇ ಮೊದಲು. 2021ರಲ್ಲಿ ಪದ್ಮಶ್ರೀ ಗೌರವವನ್ನು ಸ್ವೀಕರಿಸುವಾಗ, ಅವರು ತಮ್ಮ ಸೆರಗಿನಿಂದ ರಾಷ್ಟ್ರಪತಿಯವರಿಗೆ ದೃಷ್ಟಿ ನಿವಾಳಿಸಿದರು. ಒಂದು ಕಾಲಕ್ಕೆ ಮನೆಯಂಗಳದಲ್ಲಿಯೂ ಎಡೆ ಸಿಗದಿದ್ದವರು ದೇಶದ ಪ್ರಥಮ ಪ್ರಜೆಗೆ ಮನೆಯ ಹಿರಿಯಳಂತೆ ಒಳಿತನ್ನು ಹಾರೈಸಿದರು.

ಇಲ್ಲಿ ಎರಡು ಮಾತುಗಳನ್ನು ಮರೆಯಬಾರದು. ಎಲ್ಲಮ್ಮನ ಹೆಸರಿನಲ್ಲಿ ಎಳೆಯ ಹೆಣ್ಣುಮಕ್ಕಳನ್ನು ದೇವದಾಸಿಯರನ್ನಾಗಿ ಬಿಡುತ್ತಿದ್ದ ಪದ್ಧತಿ ಅಮಾನುಷವಾದುದು. ಕರ್ನಾಟಕವು 1982ರಲ್ಲಿ ಅದನ್ನು ಕಾನೂನಿನಿಂದ ನಿಷೇಧಿಸಿತು. ಹಾಡನ್ನು ಉಳಿಸಿಕೊಳ್ಳಬೇಕು, ಅನ್ಯಾಯವನ್ನು ಅಳಿಸಬೇಕು. ಹಾಗೆಯೇ ಮನಸ್ಸಿನ ಬೇನೆಯೂ ದೇಹದ ಬೇನೆಯಂತೆಯೇ ಚಿಕಿತ್ಸೆಗೆ ಅರ್ಹವಾದುದು. ಬದುಕು ಬೇಡವೆನಿಸುವಷ್ಟು ನೊಂದವರು ತಮ್ಮ ನೋವನ್ನು ಹಿರಿಯರಲ್ಲಿ, ಗುರುಗಳಲ್ಲಿ, ವೈದ್ಯರಲ್ಲಿ ಹೇಳಿಕೊಳ್ಳಬೇಕು. ಕೇಳಿದವರು ಹೀಗಳೆಯದೆ ಕೈಹಿಡಿಯಬೇಕು. ಮಂಜಮ್ಮನವರನ್ನು ಎತ್ತಿದುದು ಹಾಡು ಹೌದು. ಆ ಹಾಡನ್ನು ಕಲಿಸಿದ, ಜೊತೆಗೆ ಕರೆದುಕೊಂಡ ಮನುಷ್ಯರೂ ಹೌದು.

2014ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇಂತಹವರ ಗುರುತನ್ನೂ ಹಕ್ಕನ್ನೂ ಎತ್ತಿಹಿಡಿಯಿತು. ಕಾನೂನು ಬಾಗಿಲನ್ನು ತೆರೆಯಬಲ್ಲದು. ಒಳಗೆ ಬನ್ನಿರೆಂದು ಕರೆಯಬೇಕಾದವರು ಮನೆಯವರು, ನೆರೆಯವರು, ಸಹಪಾಠಿಗಳು. ರೇಣುಕೆಯ ಅಲೆದಾಟವನ್ನು ಕೇಳಿ ಕಣ್ಣೀರಿಟ್ಟವರು, ತಮ್ಮ ಬೀದಿಯಲ್ಲಿ ಅಲೆಯುವವರಿಗೆ ಬಾಗಿಲು ಮುಚ್ಚದಿದ್ದರೆ ಆ ಹಾಡನ್ನು ನಿಜವಾಗಿ ಕೇಳಿದಂತಾಗುತ್ತದೆ.