ಅರ್ಥಿಂಗ್ ಗುಂಡಿಗೆ ಒಂದು ಕೊಡ ನೀರು

"ಕೂಲರ್ ಮುಟ್ಟಿದ್ರ ಸ್ವಲ್ಪ ಜುಮ್ ಅಂತದ, ಅಷ್ಟೇ. ಗಾಳಿ ಛಲೋ ಬರ್ತದ." ಏಪ್ರಿಲ್‌ನ ಒಂದು ರಾತ್ರಿ ಅವ್ವ ಫೋನಿನಲ್ಲಿ ಹೀಗಂದಾಗ ಬೆಂಗಳೂರಿನ ಆಫೀಸಿನ ಏಸಿಯಲ್ಲಿ ಕೂತಿದ್ದ ನಾನು ಬೆವರಿದೆ. ಎಷ್ಟು ದಿನದಿಂದ ಹೀಗೆ? "ಒಂದ್ ವಾರ ಆಗಿರಬೇಕು. ಚಪ್ಪಲಿ ಹಾಕ್ಕೊಂಡೇ ನೀರು ಹಾಕ್ತೀನಿ ಬಿಡಪಾ."

ಆಗಲೇ ಪ್ಲಗ್ ತೆಗೆಸಿದೆ. ಅಂದರೆ ಆ ಝಳದಲ್ಲಿ ಅವಳು ಬರೀ ಫ್ಯಾನ್ ಕೆಳಗೆ ಮಲಗಬೇಕು. ಮರುದಿನ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ, ಯಾದಗಿರಿಯಲ್ಲಿಳಿದು, ಶಹಾಪುರದ ಬಸ್ ಹಿಡಿದೆ.

ನಮ್ಮದು ಕಿಟಕಿಗೆ ಹೊರಗಿನಿಂದ ಕೂಡಿಸಿದ ತಗಡಿನ ಕೂಲರ್. ಏಸಿ ಯಾಕೆ ಹಾಕಿಸಲ್ಲ ಅಂತ ಗೆಳೆಯರು ಕೇಳುತ್ತಾರೆ. ನಮ್ಮದು ಒಣ ಬಿಸಿಲು ಸ್ವಾಮಿ, 42 ಡಿಗ್ರಿ ದಾಟಿದರೂ ಗಾಳಿಯಲ್ಲಿ ಪಸೆ ಇರೋದಿಲ್ಲ. ಅಂಥಲ್ಲಿ ನೀರು ಬೇಗ ಆವಿಯಾಗುತ್ತದೆ, ಆವಿಯಾಗುವಾಗ ಗಾಳಿಯ ಬಿಸಿಯನ್ನೂ ಎಳೆದುಕೊಳ್ಳುತ್ತದೆ. ಎದುರಿನ ಕಿಟಕಿಯೊಂದು ತೆರೆದಿರಬೇಕು ಅಷ್ಟೇ. ಇದೇ ಕೂಲರನ್ನು ಮಂಗಳೂರಿನಲ್ಲಿ ಹಚ್ಚಿದರೆ ಹಾಸಿಗೆ ತಂಪಾಗಲ್ಲ, ಒದ್ದೆಯಾಗುತ್ತದೆ.

ಶಿವರಾತ್ರಿ ಮುಗಿದ ಭಾನುವಾರ ಅಪ್ಪ ಅದನ್ನು ಬಿಚ್ಚುತ್ತಿದ್ದರು. ಹಳೇ ಹುಲ್ಲು ಕಿತ್ತು ಹೊಸದು ತುಂಬೋದು (ಹೆಸರಿಗೆ ಹುಲ್ಲು, ಅದು ಹೆರೆದ ಮರದ ಎಳೆ). ನೀರು ಇಳಿಯುವ ತೂತುಗಳನ್ನು ದಬ್ಬಣದಿಂದ ಬಿಡಿಸೋದು. ಬೋರಿನ ಸವುಳು ನೀರು ಆವಿಯಾಗಿ ಹೋದರೂ ಅದರ ಉಪ್ಪು ಎಲ್ಲಿ ಹೋದೀತು? ಹುಲ್ಲಿನ ಮೇಲೆ, ಮೋಟರ್ ಮೇಲೆ ಬೆಳ್ಳಗೆ ಕೂರುತ್ತದೆ. ಅದಕ್ಕೇ ಬರೀ ಮೇಲೆ ಮೇಲೆ ನೀರು ತುಂಬಬಾರದು, ವಾರಕ್ಕೊಮ್ಮೆ ಬೂಚು ತೆಗೆದು ಪೂರ್ತಿ ಖಾಲಿ ಮಾಡಬೇಕು. ಕೊನೆಗೆ ಅಪ್ಪ ಹಿತ್ತಲಿಗೆ ಹೋಗಿ ಗೋಡೆ ಬದಿಯ ಗುಂಡಿಗೆ ನೀರು ಸುರಿದು ಬರುತ್ತಿದ್ದರು. ಅಲ್ಲಿ ಗಿಡ ಇರಲಿಲ್ಲ. ನಾನು ಯಾಕೆ ಅಂತ ಕೇಳಿದವನೂ ಅಲ್ಲ.

ಅಪ್ಪ ಹೋಗಿ ಎರಡು ಬೇಸಿಗೆ ಆಯಿತು. ಎರಡೂ ಸಲ ನಾನು "ಯಾರನ್ನಾದ್ರೂ ಕರೆಸು, ದುಡ್ಡು ಕಳಿಸ್ತೀನಿ" ಅಂದಿದ್ದೆ.

ಎಲೆಕ್ಟ್ರಿಷಿಯನ್ ಮೋಟರ್ ಎತ್ತಿ ತೋರಿಸಿದ. ನೀರು ಖಾಲಿಯಾದ ಮೇಲೂ ಓಡಿ ಓಡಿ, ಒಳಗಿನ ತಂತಿಯ ಹೊದಿಕೆ ಸುಟ್ಟಿತ್ತು. ಮತ್ತೆ ನೀರು ತುಂಬಿದಾಗ ಕರೆಂಟು ನೀರಿಗಿಳಿದು, ಅಲ್ಲಿಂದ ತಗಡಿಗೆ ಬಂದಿತ್ತು. "ಅರ್ಥಿಂಗ್ ಛಲೋ ಇದ್ರ ತಗಡು ಹಿಂಗ ಜುಮ್ ಅಂತಿರಲಿಲ್ಲ ಸರ್. ಗುಂಡಿ ಎಲ್ಲದ?"

ಆಗ ಗೊತ್ತಾಯಿತು. ಹಿತ್ತಲಿನದು ಇದ್ದಿಲು, ಉಪ್ಪು ತುಂಬಿ ನೆಲಕ್ಕೆ ತಂತಿ ಬಿಟ್ಟ ಗುಂಡಿ. ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಒಣಗಿ ಬಿರಿಯುತ್ತದೆ. ಒಣ ಮಣ್ಣು ಕರೆಂಟನ್ನು ಸಲೀಸಾಗಿ ಒಯ್ಯುವುದಿಲ್ಲ.

ಮೋಟರ್ ಬದಲಾಯಿತು. ತಂತಿಯ ತುಕ್ಕು ಹಿಡಿದ ನಟ್ ಬದಲಾಯಿತು. ಮೀಟರ್ ಪಕ್ಕ, 30 ಮಿಲಿಆಂಪಿಯರ್ ಸೋರಿದರೂ ಕರೆಂಟು ಕಡಿಯುವ ಆರ್‌ಸಿಸಿಬಿ ಕೂತಿತು. ಏಸಿಯ ದುಡ್ಡಿನ ಮುಂದೆ ಇದ್ಯಾವ ಲೆಕ್ಕ!

ಸಂಜೆ ಗುಂಡಿಗೆ ಒಂದು ಕೊಡ ಸುರಿದೆ. ಗುಳುಗುಳು ಸದ್ದು ಮಾಡಿ ಎಲ್ಲಾ ಕುಡಿಯಿತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅವ್ವ, "ನಿಮ್ಮಪ್ಪ ಎರಡ್ ಕೊಡ ಹಾಕ್ತಿದ್ರು" ಅಂದಳು.

ಮತ್ತೆ ನಲ್ಲಿ ತಿರುಗಿಸಿದೆ.