ಅಗ್ಗದ ಹಕ್ಕಿ, ತುಟ್ಟಿ ಬಾಣ

ಧಾರವಾಡದ ಸುತ್ತಲಿನ ಹತ್ತಿ, ಹೆಸರಿನ ಹೊಲಗಳಲ್ಲಿ ಡ್ರೋನು ಈಗ ಬೆರಗಿನ ವಸ್ತುವಲ್ಲ. ಗುಂಯ್ ಅಂತ ಬರುತ್ತದೆ, ಎಣ್ಣಿ (ಕೀಟನಾಶಕ) ಹೊಡೆದು ಹೋಗುತ್ತದೆ. ಬೆನ್ನಿಗೆ ಪಂಪು ಕಟ್ಟಿಕೊಂಡು ವಿಷ ಕುಡಿಯುವುದು ರೈತನಿಗೆ ತಪ್ಪಿತಲ್ಲ ಎಂದು ನನಗೆ ನಿಜಕ್ಕೂ ಸಮಾಧಾನ. ಆದರೆ ಅದೇ ಮೋಟಾರು, ಅದೇ ಬ್ಯಾಟರಿ. ಎಣ್ಣಿಯ ಡಬ್ಬಿ ತೆಗೆದು ಸಿಡಿಗುಂಡು ಕಟ್ಟಿದರೆ ಯುದ್ಧಕ್ಕೆ ಸಿದ್ಧ. ಲಾರಿಗಳಲ್ಲಿ ಬಚ್ಚಿಟ್ಟು ರಷ್ಯದೊಳಕ್ಕೆ ಸಾಗಿಸಿದ್ದ ಪುಟ್ಟ ಡ್ರೋನುಗಳನ್ನು ಉಕ್ರೇನಿನವರು 2025ರ ಜೂನ್ 1ರಂದು ಹಾರಿಸಿದರು. ಅವರ ಅಧ್ಯಕ್ಷ ಝೆಲೆನ್‌ಸ್ಕಿ ಹೇಳಿದ ಲೆಕ್ಕ 117. ವಾಯುನೆಲೆಗಳಲ್ಲಿ ನಿಂತಿದ್ದ ಬಾಂಬರುಗಳು ನಿಂತಲ್ಲೇ ಉರಿದವು.

ಹಾರುವ ಅಗ್ಗದ ಆಯುಧ ಕನ್ನಡ ನಾಡಿಗೆ ಹೊಸದಲ್ಲ ನೋಡ್ರಿ. ಹೈದರ್, ಟಿಪ್ಪು ಕಾಲದ ರಾಕೆಟ್ಟೆಂದರೆ ಕಬ್ಬಿಣದ ಕೊಳವೆ, ಬಿದಿರು ಗಳ, ಒಂದಿಷ್ಟು ಮದ್ದು. 2018ರಲ್ಲಿ ಹೊಸನಗರ ತಾಲೂಕಿನ ಬಿದನೂರಿನ ಹಾಳು ಬಾವಿಯಲ್ಲಿ ಸಾವಿರ ರಾಕೆಟ್ ಸಿಕ್ಕವಲ್ಲ, ಅಂಥವು. ಅವಕ್ಕೆ ಕಣ್ಣಿರಲಿಲ್ಲ. ಹಚ್ಚಿ ಬಿಟ್ಟ ಮೇಲೆ ಎತ್ತ ಹೋದರೆ ಅತ್ತ. ಇವತ್ತಿನದು ನೋಡುತ್ತದೆ, ಹುಡುಕುತ್ತದೆ, ಕಾದು ಕುಳಿತು ಎರಗುತ್ತದೆ.

ನನ್ನನ್ನು ಕಾಡುವುದು ಬೆಲೆಯ ಲೆಕ್ಕ. ಇರಾನಿನ ಶಾಹೇದ್-136 ಡ್ರೋನಿಗೆ ಅಂದಾಜು 20,000ದಿಂದ 50,000 ಡಾಲರ್. ಅದನ್ನು ಕೆಡವಲು ಬಿಡುವ ಒಂದು ಪೇಟ್ರಿಯಟ್ ಕ್ಷಿಪಣಿಗೆ ಸುಮಾರು 40 ಲಕ್ಷ ಡಾಲರ್! ಗುರಿ ತಪ್ಪದೆ ಹೊಡೆದವನೇ ದಿವಾಳಿಯಾಗುವ ಕಾಳಗ ಇದು.

2025ರ ಮೇ 8ರ ರಾತ್ರಿ ಪಾಕಿಸ್ತಾನ ನಮ್ಮತ್ತ 36 ಕಡೆ 300–400 ಡ್ರೋನು ಹಾರಿಸಿತೆಂದು ಮರುದಿನ ದೇಶಕ್ಕೆ ತಿಳಿಸಿದವರು ಕರ್ನಲ್ ಸೋಫಿಯಾ ಖುರೇಷಿ, ನಮ್ಮ ನೆರೆಯ ಬೆಳಗಾವಿ ಜಿಲ್ಲೆಯ ಸೊಸೆ. ನಮ್ಮ ರಕ್ಷಣೆಯನ್ನು ಕೆಣಕಿ, ಎಲ್ಲೆಲ್ಲಿ ಏನಿದೆ ಎಂದು ತಿಳಿಯುವ ಹುನ್ನಾರ ಅದು. ಪ್ರತಿಯೊಂದಕ್ಕೂ ದುಬಾರಿ ಕ್ಷಿಪಣಿ ಸುರಿದಿದ್ದರೆ ಏನಾಗುತ್ತಿತ್ತೋ. ಆ ಹೊತ್ತಿಗೆ ಕೈಹಿಡಿದವುಗಳಲ್ಲಿ ಹಳೆಯ ಎಲ್-70 ತೋಪುಗಳೂ ಇದ್ದವು. ಅವುಗಳ ಬೆನ್ನಿಗೆ ಬೆಂಗಳೂರಿನ ಬಿಇಎಲ್ ಕಟ್ಟಿದ ಆಕಾಶತೀರ್ ವಾಯುರಕ್ಷಣಾ ಜಾಲವಿತ್ತು. ಹಳೆ ತೋಪು, ಹೊಸ ಕಣ್ಣು, ಅಗ್ಗದ ಗುಂಡು. ಈ ಜೋಡಣೆಯಲ್ಲೇ ದಾರಿಯಿದೆ ಅನ್ನಿಸುತ್ತದೆ ನನಗೆ.

ಅದೇ ವರ್ಷ ಎಚ್‌ಎಎಲ್‌ನಿಂದ 97 ತೇಜಸ್ ಯುದ್ಧವಿಮಾನ ಕೊಳ್ಳಲು 62,370 ಕೋಟಿ ರೂಪಾಯಿಯ ಒಪ್ಪಂದವಾಯಿತು. ತೇಜಸ್ ಬೇಡವೆನ್ನಲಾರೆ, ಹೆಮ್ಮೆಯೇ ಇದೆ. ಆದರೆ ನೆಲದ ಮೇಲೆ ನಿಂತಾಗ ಅದನ್ನೂ ಕಾಯಬೇಕಲ್ಲ? ವಿದ್ಯುತ್ ಕೇಂದ್ರ, ಆಸ್ಪತ್ರೆಗಳನ್ನು ಕಾಯಬೇಡವೇ? ಚಳಿಗಾಲದಲ್ಲಿ ಕೀವ್ ನಗರದ ಜನ ಕತ್ತಲಲ್ಲಿ ಕೂತದ್ದನ್ನು ನೋಡಿದ್ದೇವೆ. ಹುಬ್ಬಳ್ಳಿಯ ವಿದ್ಯಾನಗರದ ಕಾಲೇಜಿನಲ್ಲಿ, ಐಐಟಿ ಧಾರವಾಡದಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಹುಡುಗ ಹುಡುಗಿಯರನ್ನು ಅದಕ್ಕೇ ಕೇಳಿಕೊಳ್ಳುತ್ತೇನೆ: ಡ್ರೋನು ಹಾರಿಸುವವರು ಬೇಕಾದಷ್ಟು ಜನರಿದ್ದಾರೆ, ನೀವು ಅದನ್ನು ಅಗ್ಗದಲ್ಲಿ ಕೆಡವುವ ಉಪಾಯ ಹುಡುಕಿರಿ.